ನಿಂತು ನಿಂತು ಓಡುತ್ತಿದ್ದ ಟೇಪು

ಆಗಲ್ಲ ಅಂದವರು ನಮ್ಮ ಕಂಪ್ಯೂಟರ್ ವಿಭಾಗದ ಮ್ಯಾನೇಜರ್. "ಈ ಟೇಪ್ ಡ್ರೈವ್ ಇದಕ್ಕಿಂತ ಜೋರಾಗಿ ಓಡಲ್ಲ. ಇನ್ನು ನಿನಗೆ ಟ್ರೈನಿಂಗ್ ಸರ್ಟಿಫಿಕೇಟ್, ಅದಂತೂ ಆಗದ ಮಾತು ಬಿಡಮ್ಮ."

ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ನಾನು ಒಂದು ವರ್ಷದ ಟ್ರೈನಿ. ಕಾರ್ಖಾನೆಯ ಕಡತ, ನಕ್ಷೆ, ತಪಾಸಣೆಯ ಫೋಟೋ ಎಲ್ಲವನ್ನೂ ದಿನವೂ ಟೇಪಿಗೆ ನಕಲು ಮಾಡಿಡುವುದು ನನ್ನ ಕೆಲಸ. ಸರ್ವರ್, ಕಂಪ್ಯೂಟರ್ ಯಾವುದು ಕೆಟ್ಟರೂ ಉಳಿಯುವುದು ಆ ಟೇಪು ಮಾತ್ರ. ಸಂಜೆ ಶುರುವಾದ ನಕಲು ಬೆಳಗಿನ ಪಾಳಿಯವರು ಬಂದರೂ ಮುಗಿಯದೆ, ಅರ್ಧಕ್ಕೇ ನಿಲ್ಲಿಸಬೇಕಾಗುತ್ತಿತ್ತು. ಮ್ಯಾನೇಜರ್ ನನ್ನ ಫೈಲಿನಲ್ಲಿ 'ಟ್ರೈನಿಯ ನಿರ್ಲಕ್ಷ್ಯ' ಎಂದು ಬರೆದರು. ನಾನು ಡ್ರೈವ್ ಕ್ಲೀನ್ ಮಾಡಿಲ್ಲವಂತೆ! ಆಯುಧಪೂಜೆಯಲ್ಲಿ ಅದರ ಗಾಳಿಕಂಡಿಗೇ ವಿಭೂತಿ ಬಳಿದವರು ಯಾರು? ಅವರೇ. ಹಲ್ಲುಜ್ಜುವ ಬ್ರಷ್ಷಿನಲ್ಲಿ ಅದನ್ನು ತೆಗೆದವಳು ನಾನು.

ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಡಿಗ್ರಿ ಮುಗಿಸಿದವರಿಲ್ಲ. ಅಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುತ್ತಾಳೆ. ಬಿಸಿನೀರಲ್ಲಿ ಅವಳ ಬೆರಳು ಬೆಂದು ಬಿಳಿಚಿಕೊಂಡಿವೆ. ಆ ಬೆರಳ ದುಡಿಮೆಯಲ್ಲಿ ಓದಿದವಳಿಗೆ ನಿರ್ಲಕ್ಷ್ಯವೇ? ಮೈಯೆಲ್ಲ ಉರಿಯಿತು. ಈಗಲೂ ಉರಿಯುತ್ತದೆ.

ಒಂದು ಬೆಳಿಗ್ಗೆ ಡ್ರೈವಿಗೆ ಕಿವಿಗೊಟ್ಟು ಕೂತೆ. ಸರ್ರನೆ ಓಡುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ಸುತ್ತುತ್ತದೆ, ಮತ್ತೆ ಓಡುತ್ತದೆ. ಈ ತಿಣುಕಾಟ ನನಗೆ ಗೊತ್ತು. ಅಮ್ಮನ ಬಿಸಿನೀರಿನ ಬಾಣಲೆಯಲ್ಲಿ ಗೂಡು ಸಾಲದೆ ಎಳೆ ಕಡಿದರೆ ರಾಟೆ ನಿಲ್ಲಿಸಿ, ತುದಿ ಹುಡುಕಿ, ಗಂಟು ಹಾಕಿ ಮತ್ತೆ ತಿರುಗಿಸಬೇಕು. ಅದಕ್ಕೆ ರಾಟೆಯನ್ನು ಯಾರೂ ಬೈಯುವುದಿಲ್ಲ.

ಅಂದಾಜು ಸಾಲದು, ಅಳೆಯಬೇಕು. ಡ್ರೈವ್ ಜೋಡಿಸಿದ್ದ ಸರ್ವರಿನದೇ ಡಿಸ್ಕಿನಿಂದ ಒಂದೇ ಒಂದು ದೊಡ್ಡ ಫೈಲನ್ನು ಟೇಪಿಗೆ ಕಳಿಸಿದೆ. ಒಂದು ಸಲವೂ ನಿಲ್ಲದೆ ಓಡಿತು. ಆಮೇಲೆ ಟೇಪಿನ ಗೊಡವೆ ಬಿಟ್ಟು, ತಪಾಸಣೆಯವರ ಕಂಪ್ಯೂಟರುಗಳಲ್ಲಿದ್ದ ಫೋಟೋಗಳನ್ನು ನೆಟ್‌ವರ್ಕಿನಿಂದ ಬರೀ ಓದಿಸಿದೆ. ತೆವಳಿತು. ಎಲ್ಲ ಚಿಲ್ಲರೆ ಫೈಲುಗಳು. ಒಂದೊಂದನ್ನೂ ತೆರೆದು ಮುಚ್ಚುವಷ್ಟರಲ್ಲಿ ಡ್ರೈವ್ ಬರೆಯಲು ಏನೂ ಇಲ್ಲದೆ ನಿಲ್ಲುತ್ತಿತ್ತು.

"ಸಾರ್, ಡ್ರೈವ್ ಚೆನ್ನಾಗೇ ಇದೆ. ನಾವೇ ಅದಕ್ಕೆ ಡೇಟಾ ಸಾಕಷ್ಟು ಕೊಡ್ತಿಲ್ಲ."

"ಗೂಡು ಬಿಚ್ಚೋರ ಊರಿಂದ ಬಂದು ನಂಗೆ ಟೇಪ್ ಹೇಳ್ಕೊಡ್ತೀಯೇನಮ್ಮ?"

"ಹೂಂ ಸಾರ್, ಹೇಳ್ಕೊಡ್ತೀನಿ. ಕೂತ್ಕೊಳ್ಳಿ."

ಅವರು ಕೂರಲಿಲ್ಲ. ಎರಡೂ ಅಳತೆಯ ಹಾಳೆ ಹಿಡಿದು ಕಾರ್ಖಾನೆಯ ಮುಖ್ಯಸ್ಥರ ಹತ್ತಿರ ಹೋದೆ. ಮಾಡಿ ತೋರಿಸು ಅಂದರು. ಹಗಲು ಹೊತ್ತೇ ಫೋಟೋಗಳನ್ನು ಸರ್ವರಿನ ಡಿಸ್ಕಿಗೆ ತಂದು, ದೊಡ್ಡ ದೊಡ್ಡ ಕಟ್ಟುಗಳಾಗಿ ಕಟ್ಟಿ, ಸಂಜೆ ಆ ಕಟ್ಟುಗಳನ್ನೇ ಟೇಪಿಗೆ ಕಳಿಸಿದೆ. ಬೆಳಗಿನ ಪಾಳಿಗೆ ಬಹಳ ಮುಂಚೆಯೇ ಮುಗಿದಿತ್ತು. ಅದೇ ಹಳೇ ಡ್ರೈವ್. ಟೇಪಿನಿಂದ ಫೋಟೋಗಳನ್ನು ವಾಪಸ್ ತೆಗೆದು, ಎಲ್ಲ ನೆಟ್ಟಗಿವೆ ಅಂತಲೂ ತೋರಿಸಿದೆ.

ಮ್ಯಾನೇಜರ್ "ನಾವು ಸರಿಪಡಿಸಿದ್ದೇವೆ" ಎಂದು ಎಲ್ಲರಿಗೂ ಮೇಲ್ ಹಾಕಿದರು. ನಾವಂತೆ! ನನಗೆ ಸರ್ಟಿಫಿಕೇಟ್ ಕೊಡಲು ಮುಖ್ಯಸ್ಥರು ಅವರಿಗೆ ಹೇಳಿದರು. ನನ್ನ ಫೈಲಿನಲ್ಲಿ ಬರೆದ 'ನಿರ್ಲಕ್ಷ್ಯ'ದ ಮಾತು ಹೊಡೆದು ಹಾಕುವ ತನಕ ಸರ್ಟಿಫಿಕೇಟ್ ಮುಟ್ಟಲ್ಲ ಅಂದೆ. ಮ್ಯಾನೇಜರ್ ಮುಖ್ಯಸ್ಥರ ಎದುರಿಗೇ ಅದನ್ನು ಹೊಡೆದು ಹಾಕಿ, ಸರ್ಟಿಫಿಕೇಟಿಗೆ ಸಹಿ ಮಾಡಿ, ನನ್ನ ಮುಖ ನೋಡದೆ ಚಾಚಿದರು.

ಮನೆಗೆ ಬಂದು ಅಮ್ಮನಿಗೆ ಕೊಟ್ಟೆ. ಓದಲು ಬಾರದವಳು, ಕೈ ಸೆರಗಿಗೆ ಒರೆಸಿಕೊಂಡು ಹಿಡಿದಳು.

"ನಿನ್ನ ಹೆಸರು ಎಲ್ಲೈತೆ?"

ತೋರಿಸಿದೆ.

"ಆ ಮ್ಯಾನೇಜರನ ಸಹಿ?"

ಹೆಸರಿನ ಕೆಳಗಿದ್ದ ಅದನ್ನೂ ತೋರಿಸಿದೆ.

"ನಿನ್ನ ಕೆಳಗೇ ಅವ್ನೆ ಬಿಡು," ಅಂದಳು.