ಕಣದಲ್ಲಿ ಮೋಡ ಕಾಯುವ ಗದ್ದೆಮ್ಮ

ಕಾಲುವೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಸಿಂಧನೂರು ಬಳಿಯ ವಳಕಮದಿನ್ನಿಯ ಕಣದಲ್ಲಿ ತಾಡಪತ್ರಿ ಹೊದ್ದ ಭತ್ತದ ರಾಶಿಗಳು ಮುಸುಕೆಳೆದು ಮಲಗಿದವರಂತೆ ಕಾಣುತ್ತಿವೆ. ಅವುಗಳ ನಡುವೆ ಸಣ್ಣದೊಂದು ಬೆಳಕು ಓಡಾಡುತ್ತಿದೆ. ಅದು ಗದ್ದೆಮ್ಮನವರ ಮೊಬೈಲು. ಅವರು ತಾಡಪತ್ರಿಯ ಅಂಚೆತ್ತಿ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸುತ್ತಾರೆ, ಒಂದು ಕಾಳು ಬಾಯಿಗೆ ಹಾಕಿಕೊಂಡು ಕಚ್ಚುತ್ತಾರೆ. ಆಮೇಲೆ ಫೋನು ನೋಡುತ್ತಾರೆ, ಕಡೆಗೆ ಆಕಾಶ.

"ಇನ್ನಾ ಹಸಿ ಐತ್ರೀ. ಇವತ್ತೊಂದು ದಿನ ಬಿಸಿಲು ಉಣ್ಣಬೇಕು."

ಐವತ್ತು ದಾಟಿರುವ ಗದ್ದೆಮ್ಮನವರದು ಭತ್ತ ಒಣಗಿಸುವ ಕೆಲಸ. ಯಂತ್ರ ಕೊಯ್ದು ಸುರಿದ ಹಸಿ ಭತ್ತವನ್ನು ಬೆಳಿಗ್ಗೆ ಹರವಬೇಕು, ಗಂಟೆಗೊಮ್ಮೆ ಪಾದದಿಂದಲೇ ಸಾಲು ಎಳೆದು ಮಗುಚಬೇಕು, ಸಂಜೆ ರಾಶಿ ಮಾಡಿ ಮುಚ್ಚಬೇಕು. ಸುಗ್ಗಿಯಲ್ಲಿ ಆರು ರೈತರ ಭತ್ತ, ಹದಿನೆಂಟು ತಾಡಪತ್ರಿ, ಜತೆಗೆ ನಾಲ್ಕು ಹೆಣ್ಣಾಳು. ಹರವಿದಾಗ ಮಳೆ ಬಂದರೆ ಭತ್ತ ಮೊಳಕೆಯೊಡೆಯುತ್ತದೆ. ಮಳೆಗೆ ಹೆದರಿ ಮುಚ್ಚಿಟ್ಟರೆ ಒಳಗೇ ಕಾವು ಹೆಚ್ಚಿ ಕಾಳು ಹಳದಿಯಾಗುತ್ತದೆ. ಹರವುವುದೋ ಮುಚ್ಚುವುದೋ ಎಂಬ ಮಾತು ಹೇಳಬೇಕಾದವರು ಗದ್ದೆಮ್ಮ. ಆ ಮಾತು ತಪ್ಪಿದರೆ ಕಣದ ಕೆಲಸವೂ ತಪ್ಪುತ್ತದೆ.

ಹೋದ ವರ್ಷ ತಪ್ಪಿತ್ತು. ಆಗ ಅವರ ಫೋನಿನಲ್ಲಿದ್ದದ್ದು ಒಂದೇ ಹವಾಮಾನದ ಆ್ಯಪು, ಛತ್ರಿ ಗುರುತಿನದು. ಅಂಕಿ ಬಲ್ಲ, ಅಕ್ಷರ ಬಾರದ ಗದ್ದೆಮ್ಮ ಚಿತ್ರ ನೋಡಿಯೇ ನಡೆಯುತ್ತಿದ್ದರು. ಎರಡು ದಿನ ಅದು ಮಳೆ ಮಳೆ ಎಂದಿತು. ಮೇಲೆ ಮೋಡವೂ ಆಡುತ್ತಿತ್ತು, ಹಾಗಾಗಿ ತಾಡಪತ್ರಿ ಬಿಚ್ಚಗೊಡಲಿಲ್ಲ. ಒಂದು ಹನಿಯೂ ಬೀಳಲಿಲ್ಲ. ಮೂರನೆಯ ದಿನ ರೈತ ಆದಪ್ಪ ರಾಶಿಗೆ ಕೈ ಇಟ್ಟರೆ ಬಿಸಿ ಬಿಸಿ.

"ಆ ಡಬ್ಬಿ ನೋಡಿ ನನ್ನ ನೆಲ್ಲು ಬೇಯಿಸಿಬಿಟ್ಟೆಲ್ಲಬೇ! ನಾಳಿಂದ ಕಣದ ಕಡೆ ಬರಬ್ಯಾಡ," ಎಂದರಂತೆ ಆದಪ್ಪ.

ಆ ಸಂಜೆಯೇ ಗದ್ದೆಮ್ಮನವರ ತಮ್ಮ ನರಸಣ್ಣನ ಫೋನು. ಮಸ್ಕಿಯಾಚೆ ಸಂತೆಕಲ್ಲೂರಿನ ತವರಿನಲ್ಲಿ ಎರಡು ದಿನದಿಂದ ಮಳೆ ಹಿಡಿದಿದೆ, ಬಾಡಿದ್ದ ಜೋಳ ಎದ್ದು ನಿಂತಿದೆ ಎಂಬ ಸಂತೋಷದ ಸುದ್ದಿ. ಸಿಂಧನೂರಿನ ಬಟ್ಟೆ ಅಂಗಡಿಯಿಂದ ಕೆಲಸ ಮುಗಿಸಿ ಬಂದ ಮಗಳು ಅಮೂಲ್ಯಾ ಫೋನು ಇಸಿದುಕೊಂಡು ನೋಡಿದರೆ, ಛತ್ರಿಯ ತುದಿಯಲ್ಲಿ ಬರೆದಿದ್ದ ಊರು ಸಂತೆಕಲ್ಲೂರು! ನಾಗರ ಪಂಚಮಿಗೆ ತವರಿಗೆ ಹೋದಾಗ ಮಗಳೇ ಆ್ಯಪು ಹಾಕಿಕೊಟ್ಟಿದ್ದಳು. ಅದು ಆ ಊರಲ್ಲೇ ಕೂತುಬಿಟ್ಟಿತ್ತು.

"ಸುಳ್ಳು ಹೇಳಿರಲಿಲ್ರೀ ಪಾಪ. ಖರೇನ ಹೇಳಿತ್ತು, ನಮ್ಮ ತವರಿಂದು ಹೇಳಾಕತ್ತಿತ್ತು," ಎಂದು ಗದ್ದೆಮ್ಮ ನಗುತ್ತಾರೆ. ನಕ್ಕರೂ, ಅನ್ನ ಕೊಟ್ಟ ಕಣದಲ್ಲಿ ತಲೆ ತಗ್ಗಿಸಿದ ನೋವು ಅಷ್ಟು ಬೇಗ ಹೋಗುವಂಥದ್ದಲ್ಲ.

ಆದರೂ ಮರುದಿನ ತಾವೇ ಹೋಗಿ ಆದಪ್ಪನವರಿಗೆ ತಮ್ಮ ತಪ್ಪು ಹೇಳಿಕೊಂಡರು. ನಿಜ ಕೇಳಿ ಅವರ ಸಿಟ್ಟೂ ಇಳಿಯಿತು. ಈ ವರ್ಷ ಕೊಯ್ಲಿಗೆ ಒಂದು ತಿಂಗಳು ಮೊದಲೇ ಮಗಳಿಂದ ಇನ್ನೂ ಮೂರು ಆ್ಯಪು ಹಾಕಿಸಿ, ಮೂರಕ್ಕೂ ವಳಕಮದಿನ್ನಿ ಎಂದೇ ಬರೆಸಿದರು. ಕಣದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಸಾಲು ಎಳೆದರು. ಹೇಳಿದ್ದು ನಿಜವಾದರೆ ಗೆರೆ, ಸುಳ್ಳಾದರೆ ಸೊನ್ನೆ. ಶಾಲೆಯ ಮೆಟ್ಟಿಲು ಹತ್ತದವರು ಮೂರು ಆ್ಯಪುಗಳಿಗೆ ಪರೀಕ್ಷೆ ಇಟ್ಟುಕೊಂಡು ಕೂತರು! ಮೂವತ್ತು ದಿನಕ್ಕೆ ಇಪ್ಪತ್ತಾರು ಗೆರೆ ಪಡೆದ ನೀಲಿ ಬಣ್ಣದ್ದು ಪಾಸಾಯಿತು, ಉಳಿದೆರಡನ್ನು ಅಳಿಸಿದರು.

"ಚಿತ್ರ ಭಾಳ ಚಂದ ಇದ್ರ ಏನು ಮಾಡೋದ್ರೀ? ಎಷ್ಟು ಗಂಟೀಗೆ ಬರ್ತೈತಿ, ಅದನ್ನ ಹೇಳಬೇಕು. ಬರೇ ಇವತ್ತು ಮಳಿ ಅಂದ್ರ ನಾ ಹರವಲೋ, ಮುಚ್ಚಲೋ?"

ಛತ್ರಿಯನ್ನೂ ಅಳಿಸಲು ಹೋದ ಮಗಳ ಕೈಯನ್ನು ಮಾತ್ರ ತಡೆದರು. ಅದರ ಊರನ್ನೂ ಬದಲಿಸಗೊಡಲಿಲ್ಲ.

ಬಿಸಿಲು ಗೋಡೆಗೆ ಬೀಳುವ ಹೊತ್ತಿಗೆ ಆದಪ್ಪನವರ ಬೈಕು ಬಂದು ನಿಲ್ಲುತ್ತದೆ. ತಾಡಪತ್ರಿಯ ಹಗ್ಗ ಹಿಡಿದು ಕಾಯುತ್ತಾರೆ. "ಏನಬೇ ಗದ್ದೆಮ್ಮ, ಬಿಚ್ಚಲೇನು?"

"ಮೂರು ಗಂಟಿ ತನ ಹೆದರಿಕಿಲ್ಲ. ಬಿಚ್ಚರಿ ಯಪ್ಪಾ."

ಹದಿನೆಂಟು ತಾಡಪತ್ರಿಗಳು ಒಂದೊಂದಾಗಿ ಸರಿಯುತ್ತವೆ. ಹೊಂಬಣ್ಣದ ಭತ್ತದೊಳಗೆ ಗದ್ದೆಮ್ಮ ಬರಿಗಾಲಲ್ಲಿ ಇಳಿದು, ನಿಧಾನ, ನೀರಿನಲ್ಲಿ ನಡೆದಂತೆ ಸಾಲು ಎಳೆಯುತ್ತಾರೆ. ಕಣದ ಕೊನೆ ಮುಟ್ಟಿದಾಗ ಫೋನು ತೆಗೆದು ಆ ಛತ್ರಿ ಆ್ಯಪು ತೆರೆಯುತ್ತಾರೆ. ಅದರಲ್ಲಿ ಮಳೆ ಸುರಿಯುತ್ತಿದೆ.

ಏನಾಸೆ ಎಂದು ಕೇಳಿದರೆ ತವರಿರುವ ಪಡುವಣ ದಿಕ್ಕಿಗೆ ಕೈ ತೋರುತ್ತಾರೆ. "ಇಲ್ಲಿ ನೆಲ್ಲು ಒಣಗಬೇಕು, ಅಲ್ಲಿ ತಮ್ಮನ ಜೋಳ ತೊಯ್ಯಬೇಕು. ಎರಡೂ ಒಂದ ದಿನ ಆದ್ರ ಸಾಕ್ರೀ. ಇವತ್ತು ಆಗೇತಿ ನೋಡ್ರಿ."

ಇಷ್ಟು ಹೇಳಿ, ಸುಡುವ ಬಿಸಿಲಿನಲ್ಲಿ ನಿಂತೇ, ಎಲ್ಲಿ ನೆನೆದುಬಿಡುತ್ತೇನೋ ಎಂಬಂತೆ ಸೆರಗನ್ನು ತಲೆಯ ಮೇಲೆಳೆದುಕೊಳ್ಳುತ್ತಾರೆ.