ಅಕ್ಕ ಸೋಸಿದ ಕಟ್ಟು

ಹೈದರಾಬಾದಿನ ಆಸ್ಪತ್ರೆಯವರು ನನ್ನ ಜಠರದ ಬಹುಪಾಲನ್ನು ಕತ್ತರಿಸಿ ತೆಗೆದು, ಒಂದು ಬಾಳೆಹಣ್ಣಿನಷ್ಟನ್ನು ಉಳಿಸಿ ಹೊಲಿದು ಕಳಿಸಿದರು. ಹಾಗೆಂದು ಅವರು ಹೇಳಿದರು. ನಾನೇನು ಕಣ್ಣಾರೆ ನೋಡಿದವನಲ್ಲ. ಬೀದರದ ಕಾಳುಕಡಿಯ ಪೇಟೆಯಾದ ಗಾಂಧಿ ಗಂಜಿನಲ್ಲಿ ಇಪ್ಪತ್ತಾರು ವರ್ಷ ತೊಗರಿಯ ವ್ಯಾಪಾರ ಮಾಡಿದವನು ನಾನು. ಚೀಲದ ಬಾಯಲ್ಲಿ ಚೆಂದದ ಕಾಳು, ತಳದಲ್ಲಿ ಹುಳುಕು ತುಂಬಿ ತರುವವರನ್ನು ದಿನವೂ ಕಂಡವನಿಗೆ ಕಾಣದ ಸರಕನ್ನು ನಂಬಲು ಆಗುವುದಿಲ್ಲ. ಮನೆಗೆ ಕಳಿಸುವ ದಿನ ಡಾಕ್ಟರನ್ನು ಕೇಳಿಯೇಬಿಟ್ಟೆ: ಕತ್ತರಿಸಿದ ತುಂಡು ಎಲ್ಲಿದೆ, ಒಮ್ಮೆ ತೋರಿಸಬಹುದೇ ಎಂದು. ಅವರು ನಕ್ಕು ಮುಂದಿನ ಹಾಸಿಗೆಗೆ ಹೋದರು.

ಮನೆಯಲ್ಲಿ ಈ ಮಾತು ಹೇಳಿದಾಗ ನನ್ನ ಅಕ್ಕ ಮಾತ್ರ ನಗಲಿಲ್ಲ.

"ಖರೇನೇ ಕೇಳಿದಿ ತಮ್ಮಾ. ಕೊಯ್ದದ್ದು ತೋರಸಬೇಕಿಲ್ಲೇನು? ನಾಳಿ ಬ್ಯಾರೆ ಏನರ ಕೊಯ್ದಿದ್ರ ಯಾರನ್ ಕೇಳೋದು?"

ಹೀಗೆ ಮನೆಯಲ್ಲಿ ಅನುಮಾನದ ಪ್ರಾಣಿಗಳು ಇಬ್ಬರಾದೆವು.

ಶಸ್ತ್ರಚಿಕಿತ್ಸೆಗೆ ಮೊದಲು ನನ್ನ ತೂಕ ನೂರಾ ಮೂವತ್ತೆಂಟು ಕಿಲೊ. ಮನೆಯ ತೂಕದ ಯಂತ್ರ ಕೈ ಎತ್ತಿದ ಮೇಲೆ ಅಂಗಡಿಯಲ್ಲಿ ಚೀಲ ತೂಗುವ ಕಾಟಾದ ಮೇಲೆ ನಿಂತು ನೋಡಿಕೊಂಡದ್ದು. ಮೊಣಕಾಲು ಹೋಗಿದ್ದವು, ಸಕ್ಕರೆ ಕಾಯಿಲೆ ಮಾತು ಕೇಳುತ್ತಿರಲಿಲ್ಲ. ನನ್ನ ಹೆಂಡತಿ ಭಾಲ್ಕಿಯ ಶಾಲೆಯಲ್ಲಿ ಶಿಕ್ಷಕಿ. ಬೆಳಗಿನ ರೈಲಿಗೆ ಹೋದರೆ ಮರಳುವುದು ಸಂಜೆಗೆ. ಅವಳ ರಜೆಯೆಲ್ಲ ಹೈದರಾಬಾದಿನಲ್ಲೇ ಮುಗಿದುಹೋಗಿತ್ತು. ಆದ್ದರಿಂದ ಔರಾದ ಕಡೆಯ ಹಳ್ಳಿಯಿಂದ ಅಕ್ಕ ಬಂದಳು, ಎರಡು ಸೀರೆ ಮತ್ತು ಒಂದು ಗಂಟು ಜೋಳದೊಂದಿಗೆ. ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ಅವಳ ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದು, ಜನ ಹೈದರಾಬಾದು, ಪುಣೆ ಎಂದು ಕೆಲಸ ಹುಡುಕಿಕೊಂಡು ಹೋಗಿದ್ದರು.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ನನಗೆ ಆರು ವರ್ಷವಾದಾಗ ಅವ್ವ ತೀರಿಕೊಂಡಳು. ಆಮೇಲೆ ನನ್ನ ತಟ್ಟೆ ಅಕ್ಕನ ಕೈಗೆ ಬಂತು. ನಮ್ಮ ಮನೆತನದಲ್ಲಿ ಅನ್ನವೆಂದರೆ ಪ್ರಸಾದ, ತಟ್ಟೆಯಲ್ಲಿ ಅಗುಳು ಬಿಡುವಂತಿಲ್ಲ, ಕೊನೆಗೆ ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ಇದರ ಜೊತೆಗೆ ಅಕ್ಕನದೇ ಒಂದು ಕಾನೂನು: ತಾಯಿಯಿಲ್ಲದ ಹುಡುಗ ಅರ್ಧ ಹೊಟ್ಟೆಯಲ್ಲಿ ಏಳಬಾರದು. ನಾನು ಸಾಕು ಎಂದರೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಆ ನೀರಿಗೆ ಹೆದರಿ ನಾನು ತಿಂದ ರೊಟ್ಟಿಗಳಿಗೆ ಲೆಕ್ಕವಿಲ್ಲ.

ಅಂಥವಳ ಕೈಗೆ ಆಸ್ಪತ್ರೆಯ ಚೀಟಿ ಸಿಕ್ಕಿತು. ಮೊದಲ ಎರಡು ವಾರ ಬರೀ ನೀರಿನಂಥ ಪದಾರ್ಥ, ಅದೂ ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದು, ಗುಟುಕು ಗುಟುಕಾಗಿ. ಆಮೇಲೆ ಎರಡು ವಾರ ಕೂಸಿಗೆ ಕೊಡುವಂತೆ ನುಣ್ಣಗೆ ಅರೆದದ್ದು. ಆಮೇಲೆ ಮೆತ್ತಗಿನದು. ಅವಸರ ಮಾಡಿ ಗಟ್ಟಿ ತಿಂದು ವಾಂತಿಯಾಗುತ್ತಾ ಹೋದರೆ ಒಳಗಿನ ಹೊಲಿಗೆ ಬಿಚ್ಚಬಹುದು, ಮತ್ತೆ ಕೊಯ್ಯಬೇಕಾದೀತು, ಆಗ ಜೀವದ ಮಾತು ಹೇಳಲಾಗದು ಎಂದು ಡಾಕ್ಟರು ಎಚ್ಚರಿಸಿದ್ದರು. ನನ್ನ ಹೆಂಡತಿ ಆ ಚೀಟಿಯನ್ನು ಕನ್ನಡಕ್ಕೆ ಇಳಿಸಿ, ದುಂಡಗಿನ ಅಕ್ಷರದಲ್ಲಿ ಬರೆದು, ಒಲೆಯ ಮೇಲಿನ ಗೋಡೆಗೆ ಅಂಟಿಸಿದಳು.

ಅಕ್ಕ ತೊಗರಿಬೇಳೆ ಬೇಯಿಸಿ, ಮೇಲಿನ ತಿಳಿನೀರನ್ನು ಬಸಿದು, ಅಂದರೆ ಕಟ್ಟು ತೆಗೆದು, ತನ್ನ ಹಳೆಯ ಸೀರೆಯ ತುಂಡನ್ನು ಎರಡು ಪದರ ಮಡಚಿ ಅದರಲ್ಲಿ ಸೋಸುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಕೆಲಸವಿಲ್ಲದ್ದಕ್ಕಲ್ಲ, ಕಾಯಲಿಕ್ಕೆ. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಮೇಲೊಂದು ಹೊಳಪು ಕಂಡರೆ ಬೆರಳದ್ದಿ ಉಜ್ಜಿ ನೋಡುತ್ತಿದ್ದೆ, ತುಪ್ಪ ಬಿಟ್ಟಿದ್ದಾಳೋ ಎಂದು.

"ಏನ್ ನೋಡ್ತಿ?"

"ಏನಿಲ್ಲ."

"ತುಪ್ಪ ಹಾಕಿಲ್ಲ. ಹಾಕ್ಬೇಕು ಅಂತ ಕೈ ತುರಸ್ತದ, ಆದ್ರ ಹಾಕಿಲ್ಲ."

ಇಂಥ ಪ್ರಾಮಾಣಿಕ ಮಾತೇ ನನಗೆ ಹೆಚ್ಚು ಅನುಮಾನ ತಂದಿತು. ಒಂದು ಸಂಜೆ ಹೆಂಡತಿ ಮತ್ತು ಅಕ್ಕ ಹಿತ್ತಲಲ್ಲಿ ಪಿಸುಪಿಸು ಮಾತಾಡುತ್ತಿದ್ದರು. ನಾನು ಹೋದೊಡನೆ ಇಬ್ಬರೂ ಬಾಯಿ ಮುಚ್ಚಿದರು. ನನ್ನ ಹೊಟ್ಟೆಯ ವಿಷಯವೇ ಇರಬೇಕು, ಏನೋ ಸಂಚು ನಡೆದಿದೆ ಎಂದುಕೊಂಡೆ. ಆದರೂ ಆ ಎರಡು ವಾರ ಒಂದು ದಿನವೂ ಹೊಟ್ಟೆ ನೋಯಲಿಲ್ಲ. ಅಷ್ಟಾದರೂ ನನಗೆ ಸಮಾಧಾನವಿರಲಿಲ್ಲ.

ಹದಿನೈದನೆಯ ದಿನ ಅರೆದ ಆಹಾರ ಶುರುವಾಯಿತು. ಅಕ್ಕ ಬೇಳೆ, ಕುಂಬಳಕಾಯಿ ಬೇಯಿಸಿ, ಅರೆದು, ಅದೇ ಬಟ್ಟೆಯಲ್ಲಿ ಹಿಂಡಿ ನಾಲ್ಕು ಚಮಚ ಕೊಟ್ಟಳು. ನಾಲಿಗೆಗೆ ದಪ್ಪನೆಯದೊಂದು ತಾಗಿದ ಆ ಸುಖಕ್ಕೆ ಕಣ್ಣು ಮುಚ್ಚಿದೆ. ಡಾಕ್ಟರು ಓಡಾಡಿ ಎಂದಿದ್ದರಿಂದ ಅದೇ ದಿನದಿಂದ ಅಂಗಡಿಗೂ ಹೋಗಿ ಎರಡು ತಾಸು ಕೂತುಬರತೊಡಗಿದೆ. ಮಧ್ಯಾಹ್ನ ಎದೆಯ ಕೆಳಗೆ ಯಾರೋ ಮುಷ್ಟಿ ಕಟ್ಟಿ ಒತ್ತಿದಂತಾಯಿತು. ಮರುದಿನವೂ ಅದೇ. ಮೂರನೆಯ ದಿನ ವಾಂತಿ.

ಅಕ್ಕ ಅರೆಯುವುದನ್ನು ಇನ್ನೂ ನುಣ್ಣಗೆ ಮಾಡಿದಳು. ನಾಲ್ಕು ಚಮಚ ಎರಡಾಯಿತು. ನೋವು ಮಾತ್ರ ನಿಲ್ಲಲಿಲ್ಲ. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಎರಡು ಚಮಚ ತಿಂದು ಸಾಕೆಂದಾಗ ಅವಳ ಮುಖದಲ್ಲಿ ಆ ಹಳೆಯ ಸಂಕಟ ಮೂಡುತ್ತಿತ್ತು. ಉಳಿದದ್ದನ್ನು ಬಿಸಾಡಲಾರದೆ ನೀರು ಬೆರೆಸಿ ತಾನೇ ಕುಡಿಯುತ್ತಿದ್ದಳು. ಈ ಸಂಕಟವೇ ಅವಳಿಂದ ಏನೋ ಮಾಡಿಸುತ್ತಿದೆ ಎಂದು ನನ್ನ ಮನಸ್ಸು ಗಟ್ಟಿಯಾಯಿತು.

ಅರೆದದ್ದು ಶುರುವಾದ ಎಂಟನೆಯ ದಿನ ವಾಂತಿಯಲ್ಲಿ ಸಾಕ್ಷಿ ಸಿಕ್ಕಿತು. ಹಳದಿ ನೀರಿನಲ್ಲಿ ಕೆಂಪಗಿನ ಒಂದು ಚೂರು ಸಿಪ್ಪೆ, ಅರೆಬರೆ ಅಗಿದ ಒಂದು ಕಾಳಿನ ತುಣುಕು. ಅದನ್ನು ತೊಳೆದು ಬೆರಳ ತುದಿಯಲ್ಲಿಟ್ಟುಕೊಂಡು ಅಡುಗೆಮನೆಗೆ ಹೋದೆ. ಹೆಂಡತಿ ಆಗಷ್ಟೇ ಶಾಲೆಯಿಂದ ಬಂದು ಚೀಲ ಇಡುತ್ತಿದ್ದಳು.

"ಇದೇನು?" ಎಂದೆ.

ಅಕ್ಕ ಬಗ್ಗಿ ನೋಡಿದಳು. "ತೊಗರಿ."

"ಸೋಸಿದ್ದರಾಗ ತೊಗರಿ ಹ್ಯಾಂಗ ಬಂತು?"

"ನಂಗೊತ್ತಿಲ್ಲ ತಮ್ಮಾ. ಎರಡು ಪದರ ಹಾಕಿ ಸೋಸೇನಿ."

"ಸುಳ್ಳ್ ಹೇಳಬ್ಯಾಡ. ನಿನಗ ನನ್ನ ಹೊಟ್ಟಿ ತುಂಬಿಸಬೇಕಾಗೇದ. ಸಣ್ಣಾಂವ ಇದ್ದಾಗ ತುಂಬಿಸಿ ತುಂಬಿಸಿ ಹಿಂಗ ಮಾಡಿದಿ. ಈಗ ಕೊಯ್ಸಿಕೊಂಡ ಮ್ಯಾಗೂ ಬಿಡವಲ್ಲಿ!"

"ಅಕ್ಕಾರು ಹಂಗ ಮಾಡೋ ಮಂದಿ ಅಲ್ರಿ," ಎಂದು ಹೆಂಡತಿ ನಡುವೆ ಬಂದಳು. ಇವಳೂ ಅವಳ ಕಡೆಯೇ ಎಂದು ನನಗೆ ಖಾತ್ರಿಯಾಯಿತು.

ಅಕ್ಕ ಒಲೆ ಆರಿಸಿದಳು. ಸೋಸುವ ಬಟ್ಟೆಯನ್ನು ಸೋಪು ಹಚ್ಚಿ ತೊಳೆದು ಹಗ್ಗದ ಮೇಲೆ ಹರವಿದಳು. ಮರುದಿನ ಬೆಳಿಗ್ಗೆ ನನ್ನ ಹೆಂಡತಿ ರೈಲಿಗೆ ಹೊರಟಾಗ ಅವಳೂ ಗಂಟು ಕಟ್ಟಿಕೊಂಡು ಔರಾದ ಬಸ್ಸಿಗೆ ಹೊರಟಳು. ಹೊಸ್ತಿಲಲ್ಲಿ ನಿಂತು ಒಂದೇ ಮಾತು ಕೇಳಿದಳು.

"ನಿನ್ನ ಹೊಟ್ಟಿಗೆ ನಾ ಕೆಟ್ಟದ್ದು ಹಾಕ್ತೇನೇನೊ?"

ನಾನು ಹೆಂಡತಿ ಕೊಟ್ಟ ಕಟ್ಟಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದೆ. ಅದೇ ಉತ್ತರವಾಯಿತು.

ಅಂದಿನಿಂದ ಹೆಂಡತಿ ರೈಲಿಗೆ ಹೋಗುವ ಮೊದಲು ಬರೀ ಕಟ್ಟು ತೆಗೆದು ಥರ್ಮಾಸಿನಲ್ಲಿ ಇಟ್ಟುಹೋಗುತ್ತಿದ್ದಳು. ಅರೆದದ್ದು ಸದ್ಯಕ್ಕೆ ಬಂದ್. ಕಳ್ಳ ಹೋದ ಮೇಲೆ ಕಳವು ನಿಲ್ಲಬೇಕಲ್ಲ ಎಂದು ನಾನು ನೆಮ್ಮದಿಯಾಗಿ ಅಂಗಡಿಗೆ ಹೋದೆ. ಮಧ್ಯಾಹ್ನ ಮತ್ತೆ ಅದೇ ಮುಷ್ಟಿ, ಅದೇ ಒತ್ತು. ಟ್ಯಾಂಕರಿನ ನೀರಿನ ಮೇಲೆ ಅನುಮಾನವಾಗಿ ಎರಡು ಸಲ ಕುದಿಸಿದೆವು. ಮಾತ್ರೆಯ ಮೇಲೆ ಅನುಮಾನವಾಗಿ ಅಂಗಡಿ ಬದಲಿಸಿದೆ. ಥರ್ಮಾಸಿನ ಮೇಲೂ ಅನುಮಾನವಾಯಿತು. ಭಾನುವಾರ ಒಂದು ದಿನ ಹೊಟ್ಟೆ ತಣ್ಣಗಿತ್ತು. ಹೆಂಡತಿ ಮನೆಯಲ್ಲಿದ್ದು ಬಿಸಿಬಿಸಿ ಕೊಟ್ಟದ್ದಕ್ಕೆ ಎಂದುಕೊಂಡೆ. ಗಾಂಧಿ ಗಂಜಿಗೆ ಭಾನುವಾರ ರಜೆ ಎಂಬುದು ಹೊಳೆಯಲೇ ಇಲ್ಲ. ಸೋಮವಾರ ಮತ್ತೆ ವಾಂತಿಯಾದಾಗ ಆಸ್ಪತ್ರೆಗೆ ಫೋನು ಮಾಡಿದೆ.

"ಬೇರೆ ಏನಾದರೂ ತಿಂದಿರಾ?" ಎಂದು ಡಾಕ್ಟರು ಕೇಳಿದರು.

"ದೇವರಾಣೆ ಇಲ್ಲ," ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಒಂದಿಷ್ಟೂ ಅನಿಸಲಿಲ್ಲ.

ಹಾಗಾದರೆ ಗುರುವಾರ ಬನ್ನಿ, ಒಳಗೆ ಕ್ಯಾಮೆರಾ ಇಳಿಸಿ ನೋಡೋಣ, ಹೊಲಿಗೆ ಸಡಿಲಾಗಿದ್ದರೆ ಮತ್ತೆ ತೆರೆಯಬೇಕಾಗುತ್ತದೆ ಎಂದರು. ಸಾಯುವುದಕ್ಕೆ ಹೆದರಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಬುಧವಾರ ಬೆಳಿಗ್ಗೆ ಅಂಗಡಿಯಲ್ಲಿ ಸರಕು ಬಂದಿತ್ತು. ಬರದ ವರ್ಷ, ಬರುವ ಚೀಲಗಳೇ ಕಡಿಮೆ. ಬಂದವನ್ನು ಎರಡೆರಡು ಸಲ ನೋಡಬೇಕು. ಅಪ್ಪನ ಕಾಲದಿಂದಲೂ ನಮ್ಮಲ್ಲಿ ಚೀಲ ಹೊರುವ ಹಿರಿಯ ಹಮಾಲ ಒಂದೊಂದೇ ಚೀಲದ ಬಾಯಿ ಬಿಚ್ಚುತ್ತಿದ್ದ. ನಾನು ಕೈ ಇಳಿಸಿ, ಹಿಡಿ ತೆಗೆದು, ಹೊಟ್ಟು ಊದಿ, ಒಂದು ಕಾಳನ್ನು ಹಲ್ಲಿಗೆ ಹಾಕಿ ಕಡಿಯುತ್ತಿದ್ದೆ. ಕಟ್ ಎಂದರೆ ಒಣಗಿದೆ, ಮೆತ್ತಗೆ ಹೋದರೆ ಹಸಿ ಇದೆ. ಗಂಜಿನಲ್ಲಿ ಎಲ್ಲರೂ ನೋಡುವುದು ಹೀಗೆಯೇ. ಹಮಾಲ ಕೈ ತಡೆದು ನಿಂತ.

"ಸಾವಕಾರ್ರ, ಒಂದ್ ಮಾತು ಕೇಳ್ಲೇನ್ರಿ? ಡಾಕ್ಟ್ರು ನಿಮಗ ಕಾಳು ತಿನ್ನಾಕ ಹೇಳ್ಯಾರೇನ್ರಿ?"

"ಯಾವ ಕಾಳೋ?"

"ಈಗ ಕಡದ್ರಲ್ರಿ. ಮುಂಜಾನಿಂದ ಹದಿನೆಂಟು ಚೀಲ ನೋಡೀರಿ. ಒಂದೂ ಉಗುಳಿಲ್ಲ."

ನನ್ನ ದವಡೆ ನಿಂತಿತು. ಅರ್ಧ ಕಾಳು ಇನ್ನೂ ನಾಲಿಗೆಯ ಕೆಳಗೇ ಇತ್ತು.

ಬೇರೆಯವರು ಕಡಿದು ಉಗುಳುತ್ತಾರೆ. ನಮ್ಮ ಅಪ್ಪ ಅಂಗಡಿಯಲ್ಲಿ ಕಾಳು ಉಗುಳಗೊಡುತ್ತಿರಲಿಲ್ಲ, ಅದೂ ಪ್ರಸಾದವೇ ಎನ್ನುತ್ತಿದ್ದರು. ಸೋಮವಾರದ ಉಪವಾಸದ ದಿನವೂ ಅಪ್ಪ ಕಾಳು ಕಡಿದು ನುಂಗುತ್ತಿದ್ದರು. ಅದು ಊಟವಲ್ಲ, ಸರಕು ನೋಡುವುದು. ನಾನೂ ಇಪ್ಪತ್ತಾರು ವರ್ಷ ಹಾಗೆಯೇ ನೋಡಿದ್ದೆ. ಬಾಳೆಹಣ್ಣಿನಷ್ಟು ಹಸಿ ಹೊಟ್ಟೆಗೆ ದಿನಕ್ಕೆ ಹದಿನೈದು ಇಪ್ಪತ್ತು ಬೇಯಿಸದ ತೊಗರಿ ಕಾಳನ್ನು ನಾನೇ ಕೈಯಾರೆ ಇಳಿಸುತ್ತಿದ್ದೆ. ಮತ್ತೆ ಆ ಸಿಪ್ಪೆ! ಮನೆಯಲ್ಲಿ ಇರುವುದು ಸಿಪ್ಪೆ ಹೋದ ಬೇಳೆ. ಔರಾದ ತೊಗರಿಯನ್ನೂ ಭಾಲ್ಕಿ ತೊಗರಿಯನ್ನೂ ಬೇರೆ ಮಾಡಿ ಹೇಳುವವನು ಎಂದು ಹೆಸರು ಮಾಡಿದ ನನಗೆ, ಬೆರಳ ತುದಿಯ ಸಿಪ್ಪೆ ಇಡೀ ಕಾಳಿನದು ಎಂದು ಕಾಣಲಿಲ್ಲ. ಅಕ್ಕನ ತಪ್ಪು ಹುಡುಕುವ ಕಣ್ಣಿಗೆ ಬೇರೇನು ಕಂಡೀತು?

ಡಾಕ್ಟರಿಗೆ ಫೋನು ಮಾಡಿ ಹೇಳಿದೆ. ಅವರು, ಮೂರು ದಿನ ಕಾಳು ಬಾಯಿಗೆ ಹಾಕದೆ ಬರೀ ಕಟ್ಟು ಕುಡಿಯಿರಿ, ನೋವು ನಿಂತರೆ ಬರುವುದು ಬೇಡ ಎಂದರು. ನೋವು ಅಂದಿಗೇ ನಿಂತಿತು. ನಾಲ್ಕನೆಯ ದಿನ, ಹಗ್ಗದ ಮೇಲೆ ಉಳಿದಿದ್ದ ಸೋಸುವ ಬಟ್ಟೆಯನ್ನು ಮಡಚಿಟ್ಟುಕೊಂಡು ಔರಾದ ಬಸ್ಸು ಹತ್ತಿದೆ.

ಅಕ್ಕ ಮನೆಯ ಮುಂದೆ ಜೋಳ ಹಸನು ಮಾಡುತ್ತಿದ್ದಳು. ಎಮ್ಮೆ ಕಟ್ಟುವ ಗೂಟ ಖಾಲಿ ಇತ್ತು.

"ಎಮ್ಮಿ ಎಲ್ಲಿ?"

"ಮೇವಿಲ್ಲ, ನೀರಿಲ್ಲ. ಮನಿಯವರು ಗೋಶಾಲಿಗೆ ಬಿಟ್ಟಾರ. ನಿಮ್ಮ ಮನ್ಯಾಗ ಇದ್ದಾಗ ಸುದ್ದಿ ಬಂತು. ನಿನಗ ಹೇಳಬ್ಯಾಡ, ಮನಸಿಗೆ ಹಚ್ಕೋತಾನ ಅಂತ ನಿನ್ನ ಹೇಂತಿಗೆ ನಾನೇ ಹೇಳಿದ್ದೆ."

ಹಿತ್ತಲಿನ ಪಿಸುಮಾತು ಇದು. ನಾನು ಅವಳ ಎದುರು ನೆಲದ ಮೇಲೆ ಕೂತು, ಹಮಾಲ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. "ನಂದ ತಪ್ಪು ಅಕ್ಕಾ" ಎಂದೆ. ಅವಳು ಮೊರ ಬದಿಗಿಟ್ಟಳು.

"ಕಿಸೆ ತೋರ್ಸು."

ನಲವತ್ತೆಂಟು ವಯಸ್ಸಿನ ವ್ಯಾಪಾರಿ ನಾನು, ಅಂಗಿಯ ಕಿಸೆ ಹೊರಳಿಸಿ ತೋರಿಸಿದೆ. ಮೂರು ತೊಗರಿ ಕಾಳು ನೆಲಕ್ಕೆ ಬಿದ್ದವು. ಎಂದೋ ಮಾದರಿಗೆಂದು ಇಟ್ಟವು, ನನಗೇ ಗೊತ್ತಿರಲಿಲ್ಲ. ಅಕ್ಕ ಅವನ್ನು ಆರಿಸಿ ಮೊರದ ಮೂಲೆಗೆ ಹಾಕಿ ನಕ್ಕುಬಿಟ್ಟಳು. ನಾನೂ ನಕ್ಕೆ. ಎಲ್ಲ ಮುಗಿಯಿತು, ಗೆದ್ದೆ ಎಂದುಕೊಂಡೆ.

ಒಳಗೆ ಜೋಳದ ನುಚ್ಚನ್ನು ಗಂಜಿಯಾಗುವಷ್ಟು ಬೇಯಿಸಿ, ಅರೆದು, ನಾನು ತಂದ ಬಟ್ಟೆಯಲ್ಲಿ ಹಿಂಡಿ, ಎಲ್ಲಿಂದಲೋ ತಂದ ಮಜ್ಜಿಗೆ ಕಲಸಿದಳು. ಚಮಚ ತುಂಬಿ ಎತ್ತಿದಳು. ನಾನು ಬಾಯಿ ತೆರೆದೆ. ಚಮಚ ಅವಳ ಬಾಯಿಗೆ ಹೋಯಿತು. ನಿಧಾನವಾಗಿ ನುಂಗಿ, ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತ ಕೂತಳು.

"ನೋಡಿದಿಲ್ಲ? ಏನಿಲ್ಲ ಅದರಾಗ. ಈಗ ನೀ ತಿನ್ನು."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಅತ್ತೆ, ಅಳುತ್ತಲೇ ನಾಲ್ಕು ಚಮಚ ತಿಂದೆ. ಹೊಟ್ಟೆ ನೋಯಲಿಲ್ಲ.

ಅಕ್ಕ ನನ್ನ ಜೊತೆ ಬೀದರಕ್ಕೆ ಬಂದಳು. ಈಗ ನಾನು ಸಾರಿನಲ್ಲಿ ನೆನೆಸಿದ ರೊಟ್ಟಿ ತಿನ್ನುತ್ತೇನೆ, ಅಂಗಡಿಯಲ್ಲಿ ಕಾಳು ಕಡಿಯುವ ಕೆಲಸ ಹಮಾಲನಿಗೆ ಬಿಟ್ಟಿದ್ದೇನೆ. ಆದರೆ ಇವತ್ತಿಗೂ ನನ್ನ ತಟ್ಟೆಯಿಂದ ಮೊದಲ ತುತ್ತನ್ನು ಅಕ್ಕ ಮುರಿದು ತಿಂದು, ನುಂಗಿ, ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸುತ್ತಾಳೆ.

"ಸಾಕು ಬಿಡಕ್ಕಾ," ಎಂದರೆ, "ರೂಢಿ ಆಗೇದ ತಮ್ಮಾ," ಎನ್ನುತ್ತಾಳೆ.

ಆ ರೂಢಿ ಹಚ್ಚಿದವನು ನಾನು.