ಅನಾನಸ್ ನಾರಿನ ಮನೆ

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ಎದುರು ಮನೆಗೆ ಫಿಲಿಪೀನ್ಸ್‌ನ ಹೆಂಗಸೊಬ್ಬರು ಸೊಸೆಯಾಗಿ ಬಂದರು. ಕುಂಕುಮಕ್ಕೆ ಕರೆದವರು ಕೊಟ್ಟ ರವಿಕೆ ಕಣಗಳನ್ನು ಕತ್ತರಿಸಿ, ಚಿಪ್ಪು, ನಾರು ಸೇರಿಸಿ, ದೊಡ್ಡ ಬಟ್ಟೆಯ ಮೇಲೆ ನಮ್ಮ ಬೀದಿಯನ್ನೇ ಹೊಲಿಯುತ್ತಿದ್ದರು. ಯಾರು ಕೊಟ್ಟ ಕಣವೋ ಅದರಲ್ಲಿ ಅವರ ಮನೆ. "ಇದು ನನ್ನ ಬೀದಿ," ಎನ್ನುತ್ತ ಹಲ್ಲಿನಿಂದ ದಾರ ಕಡಿಯುತ್ತಿದ್ದರು.

"ಆಯಮ್ಮನ್ನ ಕರೀಬೇಡ ಕಣೇ, ನಮ್ಮೋರಲ್ಲ," ಎಂದು ಹೆಂಡತಿಯನ್ನು ತಡೆದವನು ನಾನು.

ಹೊಲಿಗೆ ಮುಗಿದಾಗ ಎಲ್ಲರ ಜೊತೆ ನೋಡಲು ಹೋದೆ. ಕೆನೆಬಣ್ಣದ ತೆಳು ಬಟ್ಟೆಯಲ್ಲಿ ನಮ್ಮ ಮನೆಯೂ ಇತ್ತು.

"ಇದ್ಯಾರು ಕೊಟ್ಟಿದ್ದಮ್ಮಾ?"

"ನಮ್ಮಮ್ಮನ ಮದುವೆ ಬಟ್ಟೆ ಅಣ್ಣ, ಅನಾನಸ್ ನಾರಿಂದು. ಒಂದು ಮನೆ ಬಿಟ್ರೆ ಬೀದಿ ತೂತಾಗತ್ತಲ್ವಾ?"

ಮನೆಗೆ ಬಂದು, ಶುಕ್ರವಾರ ಅವರನ್ನೂ ಕರೆ ಎನ್ನಲು ಬಾಯಿ ತೆರೆದೆ. ನಾಚಿಕೆಯಾಗಿ, ಕಾಫಿ ಕೊಡು ಎಂದಷ್ಟೇ ಹೇಳಿದೆ. ಅವರು ನಮ್ಮ ಹೊಸಿಲು ದಾಟಲೇ ಇಲ್ಲ.